ಚಾವುಸರ ಮುಲ್ಕಿನಲ್ಲಿ ಒಂದು ಹಗಲು

ಚಾವುಸರು ತಮ್ಮ ಮುಲ್ಕಿಗೆ, ಅಂದರೆ ಸ್ವಂತ ನಾಡಿಗೆ, ಹೋದರು ಎಂದು ನಮ್ಮ ಹುಮನಾಬಾದಿನಲ್ಲಿ ಎಲ್ಲರೂ ಹೇಳುತ್ತಾರೆ. ಚಹಾದ ಅಂಗಡಿಯಲ್ಲಿ ಹೇಳುತ್ತಾರೆ, ತಹಸೀಲ ಕಚೇರಿಯ ಕಟ್ಟೆಯ ಮೇಲೆ ಹೇಳುತ್ತಾರೆ, ನಮ್ಮ ತಂದೆಯವರೂ ಹೇಳುತ್ತಾರೆ. ನೆಂಟರ ಮನೆಗೆ ಬಂದವರು ನಾಲ್ಕು ದಿನ ಉಂಡು, ಗಂಟು ಕಟ್ಟಿಕೊಂಡು ಹೊರಟರು ಎನ್ನುವಷ್ಟು ಸಲೀಸಾಗಿ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಮುಲ್ಕನ್ನು ನಾನು ನೋಡಿದ್ದೇನೆ. ಹಡಗು ಎಣ್ಣೆ, ನೀರು ತುಂಬಿಸಿಕೊಳ್ಳಲು ನಿಂತ ಒಂದು ಹಗಲು ಮಾತ್ರ ನೋಡಿದ್ದೇನೆ. ಒಂದು ಹಗಲಿನಲ್ಲಿ ಏನು ತಿಳಿಯುತ್ತದೆ ಎಂದು ಯಾರಾದರೂ ಕೇಳಬಹುದು. ಕೇಳಲಿ. ಹಾಗೆ ಕೇಳುವವರು ಅರ್ಧ ಹಗಲೂ ನೋಡಿಲ್ಲ.

ನಮ್ಮ ಕಡೆಯವರಲ್ಲದ ಓದುಗರಿಗಾಗಿ ಒಂದು ಮಾತು. ನಿಜಾಮರ ಕಾಲದಲ್ಲಿ ಜಾಗೀರುಗಳ ಪಹರೆಗೆ, ಸಾಹುಕಾರರ ಅಂಗಡಿಗಳ ಕಾವಲಿಗೆ ಇದ್ದ ಅರಬರನ್ನು ಚಾವುಸರು ಎನ್ನುತ್ತಾರೆ. ಸೊಂಟದಲ್ಲಿ ಜಂಬಿಯಾ ಎನ್ನುವ ಬಾಗಿದ ಕಠಾರಿ, ಹೆಗಲಿಗೆ ಬಂದೂಕು. ಊರು ಅವರಿಗೆ ಹೆದರುತ್ತಿತ್ತು, ಹೆದರಲು ಕಾರಣವೂ ಇತ್ತು. ಬಡ್ಡಿಗೆ ದುಡ್ಡು ಕೊಟ್ಟ ಚಾವುಸ್ ವಸೂಲಿಗೆಂದು ಬಂದು ಬಾಗಿಲಲ್ಲಿ ಕುಳಿತರೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಅವರ ಪರ ವಾದಿಸುವ ಇಚ್ಛೆ ನನಗಿಲ್ಲ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ನಂತರ ಅವರನ್ನು ಬೀದರಿಗೆ ಕರೆದು, ಬಂದೂಕು ಇಳಿಸಿಕೊಂಡು, ಬಹಳ ಜನರನ್ನು ಮುಂಬಯಿಯಲ್ಲಿ ಹಡಗು ಹತ್ತಿಸಿದರು. ಆ ದಿನಗಳಲ್ಲಿ ನಮ್ಮ ತಾಲೂಕುಗಳಲ್ಲಿ ಇನ್ನೂ ಏನೇನಾಯಿತೆಂಬುದು ಅಲ್ಲಿದ್ದವರಿಗೆ ಗೊತ್ತು, ಅದು ಬೇರೆಯೇ ಬರಹ. ಇದು ಜಾಗೀರಿನ ಪಹರೆಯ ಪಟ್ಟಿಯಲ್ಲಿದ್ದು, ನಮ್ಮ ಅಡತ್ತಿ ಅಂಗಡಿಯ ಬಾಗಿಲಲ್ಲಿ ಇಪ್ಪತ್ತು ವರ್ಷ ಕಾವಲು ಕುಳಿತಿದ್ದ ಸಾಲೆಹ ಚಾಚಾ ಒಬ್ಬರ ವಿಷಯ.

ನಾನು ಕಾನೂನು ಓದಲು ಲಂಡನ್ನಿಗೆ ಹೊರಡುವ ಸುದ್ದಿ ಊರಿಗೆಲ್ಲ ಹಬ್ಬಿದ ಮೇಲೆ ಕಲ್ಯಾಣಿಯಿಂದ ಕರೆ ಬಂತು. ಕರೆಸಿದವರು ಸಾಲೆಹ ಚಾಚಾರ ಹೆಂಡತಿ ಹುಸೇನಬಿ. ಗಂಡನನ್ನು ಹಡಗು ಹತ್ತಿಸಿದ ಮೇಲೆ ಅವರು ಮಗಳು ಸಕೀನಾಳನ್ನು ಕರೆದುಕೊಂಡು ಕಲ್ಯಾಣಿಯ ಕೋಟೆಯ ಹತ್ತಿರದ ತವರುಮನೆಗೆ, ಅಣ್ಣ ಖಾಸೀಮ್ ಸಾಬರ ಆಸರೆಗೆ ಸೇರಿದ್ದರು. ಮಂಠಾಳದ ಸಂತೆಗೆ ಹೋಗುವವರಿಂದ ತುಂಬಿದ ಮೋಟಾರಿನಲ್ಲಿ ಒಂದು ಕಾಲ ಮೇಲೆ ನಿಂತು ನಾನು ಕಲ್ಯಾಣಿ ಮುಟ್ಟಿದೆ. ಅದು ಭಾದ್ರಪದದ ಮೊದಲ ವಾರ, ಬಿತ್ತಿದ್ದು ಮೊಳಕಾಲೆತ್ತರ ಬಂದಿತ್ತು, ದಾರಿಯುದ್ದಕ್ಕೂ ಕರಿಮಣ್ಣಿನ ಕೆಸರು.

"ಬಾರಪಾ ವೀರೂ, ಕುಂದ್ರು," ಅಂದರು ಚಾಚಿ. "ವಿಲಾಯತಿಗೆ ಹೊಂಟಿಯಂತ. ನಿನ್ನ ಜಹಾಜು ಅದನ್ ಮ್ಯಾಲಿಂದ ಹೋಗ್ತದಂತ, ಖರೇ ಏನು?"

ಅರಬಸ್ತಾನದ ಏಡನ್ ಬಂದರಿಗೆ ನಮ್ಮ ಕಡೆ ಅದನ್ ಎನ್ನುತ್ತಾರೆ. "ಹೌದು ಚಾಚಿ, ಒಂದು ಹಗಲು ನಿಲ್ತದ," ಅಂದೆ.

"ಒಂದು ಹಗಲು ಭಾಳ ಆಯ್ತು. ಅಲ್ಲಿರೂ ನಿಮ್ಮ ಚಾಚಾರಿಂದ ಒಂದು ಮಾತು ತರಿಸಬೇಕಾಗ್ಯಾದ."

ವಿಷಯ ಹೀಗಿತ್ತು. ಸಕೀನಾಳಿಗೆ ಉದಗೀರದಲ್ಲಿ ಸಂಬಂಧ ಗೊತ್ತಾಗಿತ್ತು. ಹುಡುಗನನ್ನು ನಾನೂ ನೋಡಿದ್ದೆ, ಮೋಟಾರು ರಿಪೇರಿ ಮಾಡುವವನು, ಅವರದೂ ಚಾವುಸರ ಮನೆತನವೇ. ಎಲ್ಲ ಸರಿ ಇದ್ದು ಒಂದೇ ಕಡೆ ಸಿಕ್ಕಿಬಿದ್ದಿತ್ತು. ತಂದೆ ಜೀವಂತ ಇರುವಾಗ ಅವನ ಬಾಯಿಮಾತಿಲ್ಲದೆ ಹುಡುಗಿಯ ನಿಕಾಹ್ ಆಗಬಾರದು ಎಂಬುದು ಚಾವುಸರ ಜಮಾತಿನ ಕಟ್ಟು. ತಂದೆ ಬರಲಾರನೆಂದರೆ ಇಬ್ಬರು ಸಾಕ್ಷಿಗಳ ಮುಂದೆ, ಕಾಜಿಯ ಎದುರಿಗೆ, ಇಂಥವನು ನನ್ನ ಪರವಾಗಿ ಮಗಳನ್ನು ಕೊಡಲಿ ಎಂದು ಬಾಯಿಬಿಟ್ಟು ಹೇಳಬೇಕು. ಕಲ್ಯಾಣಿಯ ಕಾಜಿಯವರು, ತಂದೆ ದೂರದಲ್ಲಿದ್ದರೆ ಬೇರೆ ದಾರಿಯೂ ಇದೆ ಎಂದಿದ್ದರಂತೆ. ಉದಗೀರದ ಹುಡುಗನ ಅಜ್ಜ ಒಪ್ಪಿರಲಿಲ್ಲ. ಮೊಹರಂ ತಿಂಗಳು ಹುಟ್ಟುವವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಹುಡುಗಿ ನೋಡುತ್ತೇವೆ ಎಂದು ಹೇಳಿಕಳಿಸಿದ್ದ. ಚಾಚಾ ಒಮ್ಮೆ ತಿಳಿಸಿದ್ದ ಏಡನ್ನಿನ ಅಂಚೆಯ ಮನೆಯ ವಿಳಾಸಕ್ಕೆ ಬರೆದ ಕಾಗದಗಳಿಗೆ ಉತ್ತರ ಬಂದಿರಲಿಲ್ಲ.

ನನಗೆ ಸುಮ್ಮನಿರುವುದು ಆಗಲಿಲ್ಲ. "ಕಾಜಿ ಸಾಬರೇ ದಾರಿ ಅದ ಅಂದ ಮ್ಯಾಲ ಇನ್ನೇನು ಚಾಚಿ? ಶಾಸ್ತ್ರ ಹೇಳಾಂವ ಅವರೋ, ಉದಗೀರದ ಮುದುಕನೋ?"

"ಕಾಜಿ ಸಾಬರ ಕಿತಾಬಿನಾಗ ದಾರಿ ಅದ, ಮುದುಕನ ತಲ್ಯಾಗ ಇಲ್ಲ," ಅಂದರು ಚಾಚಿ. "ನಾ ಮಗಳನ್ನ ಕೊಡಾಕತ್ತಿದ್ದು ಕಿತಾಬಿಗೇನಪಾ?"

ಹೈದರಾಬಾದಿನ ಕಾಲೇಜಿನ ಚರ್ಚಾಕೂಟದಲ್ಲಿ ನಾಲ್ಕು ವರ್ಷ ಬಹುಮಾನದ ಕಪ್ಪು ಗೆದ್ದವನು ನಾನು. ಆ ಮಾತಿಗೆ ಎದುರು ಮಾತು ಹುಡುಕುವಷ್ಟರಲ್ಲಿ ಪರದೆಯ ಹಿಂದಿನಿಂದ ಸಕೀನಾ ಅಂದಳು: "ಅಣ್ಣಾ, ಅಬ್ಬಾನ ಕೂಡ ವಾದಕ್ಕಿಳಿಬ್ಯಾಡ. ನೀ ಹಿಡಿದ್ರ ಬಿಡಾಂವಲ್ಲ."

ಹುಮನಾಬಾದಿನಿಂದ ಗುಲಬರ್ಗಾಕ್ಕೆ ನಲವತ್ತು ಮೈಲಿ. ನಾನು ಹೊರಟ ದಿನ ಮಳೆ ಹಿಡಿದಿದ್ದರಿಂದ ಮೋಟಾರು ಹಳ್ಳವೊಂದರ ದಂಡೆಯಲ್ಲಿ ಮೂರು ತಾಸು ನಿಂತಿತು. ನೀರಿಳಿಯಲಿ ಎಂದು ಡ್ರೈವರನು ಸೀಟಿನ ಮೇಲೆ ಮಲಗಿದ, ನಾವು ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ, ಶೇಂಗಾದ ಹಿಂಡಿ ಬಿಚ್ಚಿದೆವು. ನಿಜಾಮರ ಕಾಲದ ನಮ್ಮ ಹಾಲಿ ಸಿಕ್ಕಾ ರೂಪಾಯಿ ಗುಲಬರ್ಗಾ ಸ್ಟೇಷನ್ನಿನಾಚೆ ನಡೆಯುವುದಿಲ್ಲವಾದ್ದರಿಂದ ಅಲ್ಲೇ ಹಿಂದುಸ್ತಾನದ ಕಲ್ದಾರ ರೂಪಾಯಿ ಮಾಡಿಸಿಕೊಂಡೆ. ಸೊಲ್ಲಾಪುರ, ಪುಣೆ ಹಾದು ಮರುದಿನ ಮುಂಬಯಿ. ಬಂದರಿನ ಕಟ್ಟೆಯಲ್ಲಿ ಬೀಳ್ಕೊಡಲು ಬಂದವರು ಅಳುತ್ತಿದ್ದರು. ನನ್ನ ಕಡೆಯವರು ಯಾರೂ ಇರಲಿಲ್ಲ, ಅಷ್ಟರಮಟ್ಟಿಗೆ ಸುಖ.

ಕಡಲು ಮೊದಲ ಎರಡು ದಿನ ಒಳ್ಳೆಯದಿರಲಿಲ್ಲ. ಮಳೆಗಾಲದ ಅಲೆ ಇನ್ನೂ ಇಳಿದಿರಲಿಲ್ಲ. ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಬಿಟ್ಟರೆ ನನಗೆ ತಿನ್ನುವಂಥದ್ದು ಹಡಗಿನಲ್ಲಿ ಏನೂ ಇರಲಿಲ್ಲ, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನನ್ನ ಕ್ಯಾಬಿನ್ನಿನಲ್ಲಿ ಪುಣೆಯ ಡಾಕ್ಟರರೊಬ್ಬರಿದ್ದರು, ಈ ದಾರಿಯಲ್ಲಿ ಮೂರನೆಯ ಸಲ ಹೋಗುತ್ತಿದ್ದವರು. "ಏಡನ್ನಿಗೆ ಎರಡು ತಾಸು ಸಾಕು," ಎಂದು ಮರಾಠಿಯಲ್ಲಿ ಹೇಳಿದರು. "ಟಾಂಕಿ ನೋಡು, ಒಂದು ಕೈಗಡಿಯಾರ ಕೊಳ್ಳು, ವಾಪಸ್ ಬಾ. ಅಲ್ಲಿ ಬೇರೇನೂ ಇಲ್ಲ, ಮನುಷ್ಯರೂ ಇಲ್ಲ." ಮನುಷ್ಯರಿಲ್ಲದಿದ್ದರೆ ಕೈಗಡಿಯಾರ ಯಾರು ಮಾರುತ್ತಾರೆ ಎಂದು ಕೇಳಿದೆ. ಡಾಕ್ಟರರು ಮಗ್ಗುಲಾದರು.

ಐದನೆಯ ದಿನ ಬೆಳಿಗ್ಗೆ ಏಡನ್ ಕಂಡಿತು. ಊರಿಗಿಂತ ಮೊದಲು ಕಲ್ಲು ಕಂಡಿತು ಎನ್ನಬೇಕು. ಇಟ್ಟಿಗೆಯ ಭಟ್ಟಿಯಲ್ಲಿ ಸುಟ್ಟು ಕರಕಾಗಿ, ಮಾರಲಾಗದೆ ಎಸೆದ ಇಟ್ಟಿಗೆಗಳ ಗುಡ್ಡೆ ಇರುತ್ತದಲ್ಲ, ಅದನ್ನೇ ಆಕಾಶದವರೆಗೆ ಏರಿಸಿಟ್ಟಂತೆ ಬೆಟ್ಟ. ಹಸಿರೆಂಬುದು ಕಣ್ಣಿಗೆ ಬೀಳಲಿಲ್ಲ. ಹಡಗು ದಂಡೆಯಿಂದ ದೂರ ನಿಂತಿತು, ನಮ್ಮನ್ನು ಲಾಂಚಿನಲ್ಲಿ ಒಯ್ದರು. ಸಂಜೆ ಆರಕ್ಕೆ ಹಡಗು ಬಿಡುತ್ತದೆ, ಐದಕ್ಕೆ ಕೊನೆಯ ಲಾಂಚು ಎಂದು ಎರಡೆರಡು ಸಲ ಹೇಳಿದರು. ದಂಡೆಯಲ್ಲಿ ಕಾಲಿಟ್ಟಾಗ ಎಂಟು ಗಂಟೆ, ಅಷ್ಟರಲ್ಲೇ ಬಿಸಿಲು ವೈಶಾಖದ ನಮ್ಮ ಮಧ್ಯಾಹ್ನದಷ್ಟಿತ್ತು.

ಒಂದು ವಿಚಿತ್ರ. ನಮ್ಮ ಹಾಲಿ ರೂಪಾಯಿ ಮುಂಬಯಿಯಲ್ಲಿ ನಡೆಯುವುದಿಲ್ಲ, ಆದರೆ ಕಲ್ದಾರ ರೂಪಾಯಿ ಕಡಲು ದಾಟಿದ ಏಡನ್ನಿನಲ್ಲಿ ನಡೆಯುತ್ತದೆ. ಡಾಕ್ಟರರ ಜೊತೆ ಪಾಲಿನಲ್ಲಿ ಟ್ಯಾಕ್ಸಿ ಮಾಡಿ, ಬೆಟ್ಟದ ಬಿರುಕು ದಾಟಿ ಐದು ಮೈಲಿ ಒಳಗಿರುವ ಹಳೆಯ ಪೇಟೆಗೆ ಹೋದೆ. ದಾರಿಯಲ್ಲಿ ಒಂಟೆಗಳು ನೀರಿನ ಪೀಪಾಯಿಯ ಗಾಡಿ ಎಳೆಯುತ್ತಿದ್ದವು. ಹೆಸರಾದ ಟಾಂಕಿಗಳನ್ನೂ ನೋಡಿದೆ. ಬೆಟ್ಟದ ಕೊರಕಲಿನಲ್ಲಿ ಒಂದರ ಕೆಳಗೊಂದು ಕಟ್ಟಿದ ದೊಡ್ಡ ದೊಡ್ಡ ಹೊಂಡಗಳು, ಬಹಳ ಹಳೆಯ ಕಾಲದವಂತೆ, ಒಂದರಲ್ಲೂ ನೀರಿಲ್ಲ. ನಮ್ಮ ಕಡೆ ಬಾವಿ ಬತ್ತಿದರೆ ಜನ ಆ ಕಡೆ ಮುಖ ಹಾಕುವುದಿಲ್ಲ, ಇಲ್ಲಿ ಅದನ್ನು ನೋಡಲು ಹಡಗಿನಿಂದ ಇಳಿದು ಬರುತ್ತಾರೆ.

ಡಾಕ್ಟರರು ಗಡಿಯಾರ ಆರಿಸುತ್ತಿದ್ದ ಅಂಗಡಿಯ ಗುಜರಾತಿ ಮಾಲೀಕನನ್ನು ನಾನು ಹಿಂದುಸ್ತಾನಿಯಲ್ಲಿ ವಿಚಾರಿಸಿದೆ: ಹೈದರಾಬಾದಿನಿಂದ ಬಂದ ಅರಬರು ಎಲ್ಲಿ ಸಿಗುತ್ತಾರೆ?

"ಬಹಳ ಜನ ಮೂಡಲಿನ ಮುಕಲ್ಲಾ ಬಂದರಿನ ಕಡೆ ಹೋದರು," ಎಂದ. "ಕೆಲವರು ತಿರುಗಿ ಬಂದರು. ಹೆಸರೇನು?"

"ಸಾಲೆಹ."

ಆತ ನಕ್ಕ. "ಈ ಓಣಿಯಲ್ಲೇ ಇಪ್ಪತ್ತು ಸಾಲೆಹಗಳು ಸಿಗುತ್ತಾರೆ. ನಿಮ್ಮವನು ಬೇಕೆಂದರೆ ಮಾಅಲ್ಲಾಕ್ಕೆ ಹೋಗಿ, ತೊಗಲಿನ ಗೋದಾಮಿನಲ್ಲಿ 'ಹಿಂದಿ' ಎಲ್ಲಿ ಎಂದು ಕೇಳಿ."

ನಮ್ಮೂರಿನಲ್ಲಿ ಇಪ್ಪತ್ತು ವರ್ಷ ನಾವು ಆ ಮನುಷ್ಯನನ್ನು ಅರಬ ಎಂದು ಕರೆದೆವು. ಅರಬರ ಊರಿನಲ್ಲಿ ಅವರ ಹೆಸರು ಹಿಂದಿ, ಅಂದರೆ ಹಿಂದುಸ್ತಾನದವ. ನನ್ನ ವಾದದ ಅರ್ಧ ಭಾಗವನ್ನು ಗಡಿಯಾರ ಮಾರುವವನು ನಾನು ಕೇಳದೆಯೇ ಸಿದ್ಧಮಾಡಿಕೊಟ್ಟ. ಗೆದ್ದೆ ಎಂದು ಸಂತೋಷಪಡುವಂಥ ಗೆಲುವಲ್ಲ ಅದು.

ಮಾಅಲ್ಲಾ ಬಂದರು ಮತ್ತು ಹಳೆಯ ಪೇಟೆಯ ನಡುವಿನ ದಂಡೆ. ಮರದ ದೊಡ್ಡ ದೋಣಿಗಳನ್ನು ಅಲ್ಲಿ ಕಟ್ಟುತ್ತಾರೆ. ಹೊಸ ಹಲಗೆಯ ವಾಸನೆ, ಮೀನೆಣ್ಣೆಯ ವಾಸನೆ, ಅವೆರಡನ್ನೂ ಮೀರಿ ಹಸಿ ತೊಗಲಿನ ವಾಸನೆ. ಮೂಗಿಗೆ ಕರವಸ್ತ್ರ ಹಿಡಿದು ಗೋದಾಮುಗಳ ಸಾಲು ದಾಟುತ್ತಿದ್ದಾಗ ಒಂದು ಬಾಗಿಲಲ್ಲಿ, ಖಾಲಿ ಡಬ್ಬದ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕುಳಿತ ಮುದುಕನನ್ನು ಕಂಡೆ. ಮುಖಕ್ಕಿಂತ ಮೊದಲು ಆ ಕುಳಿತ ಭಂಗಿಯ ಗುರುತು ಸಿಕ್ಕಿತು. ಜಂಬಿಯಾ ಇರಲಿಲ್ಲ, ಕೈಯಲ್ಲಿ ಬಡಿಗೆ ಇತ್ತು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಚಾಚಾ, ಆರಾಮ ಅದೀರೇನ್ರಿ?" ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ಎಡಕ್ಕೆ, ಬಲಕ್ಕೆ, ಗೋದಾಮಿನ ಒಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿ ಎದ್ದು ನಿಂತರು. "ಯಾರೋ ಚೇಷ್ಟಾ ಮಾಡಾಕತ್ತಾರಂತ ತಿಳ್ಕೊಂಡೆ," ಅಂದರು. "ಈ ಮಾತು ಕಿವಿಗೆ ಬಿದ್ದು ಎಷ್ಟು ದಿನಾತು ವೀರೂ. ನಿದ್ದ್ಯಾಗ ನಾನೇ ಆಡ್ತೀನಂತ, ಬಾಜೂಕ ಮಲಗಾವರು ಬೈತಾರ."

ಗೋದಾಮಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈ ಬಿಸಲಾಗ ಕೋಟು ಹಾಕ್ಕೊಂಡು ತಿರಗಾಡಾಂವ ಒಬ್ಬ ಗೋರಾ, ಇಲ್ಲಾಂದ್ರ ನಿಮ್ಮಪ್ಪನ ಮಗ. ಸಾಹುಕಾರ ಹ್ಯಾಂಗಿದ್ದಾರ? ಅಂಗಡಿ ಬಾಗಲಾಗ ಈಗ ಯಾರು ಕುಂದರ್ತಾರ?"

"ಯಾರೂ ಇಲ್ಲ. ಬೀಗ ಹಾಕ್ತೇವಿ."

"ಬೀಗ," ಅಂದರು. "ಪಗಾರ ಕೇಳೂದಿಲ್ಲ, ಛಲೋ ಆಯ್ತು."

ಅವರ ಕಥೆಯನ್ನು ನಾನು ತುಂಡುತುಂಡಾಗಿ ಕೇಳಿ ತೆಗೆದೆ. ಬೀದರಿನಲ್ಲಿ ಬಂದೂಕು ಒಪ್ಪಿಸಿದ ಮೇಲೆ ಮೇಜಿನ ಹಿಂದೆ ಕುಳಿತ ಒಬ್ಬ ಗುಮಾಸ್ತ ಕೇಳಿದನಂತೆ, ನಿನ್ನ ಮುಲ್ಕ ಯಾವುದು ಎಂದು.

"ಏನಂದ್ರಿ?"

"ಹಜರಮೌತ್ ಅಂದೆ, ಅರಬಸ್ತಾನದಾಗಿನ ನಮ್ಮಜ್ಜನ ಸೀಮಿ."

"ಹುಟ್ಟಿದ್ದು ಹುಮನಾಬಾದಿನಾಗಲ್ಲೇನು ನೀವು? ನಿಮ್ಮಪ್ಪ ಕಲ್ಯಾಣ್ಯಾಗ."

"ನಿನಗೇನು ಗೊತ್ತು ನಮ್ಮ ನೌಕರಿ," ಅಂದರು. ಆಮೇಲೆ ಬಿಡಿಸಿ ಹೇಳಿದರು. ಜಾಗೀರಿನ ಪಹರೆಯಲ್ಲಿ ಎರಡು ಬಗೆಯ ಚಾವುಸರಿದ್ದರು. ಅರಬಸ್ತಾನದಲ್ಲಿ ಹುಟ್ಟಿ ಬಂದವರು ಒಂದು, ಇಲ್ಲೇ ಹುಟ್ಟಿದವರು ಇನ್ನೊಂದು. ಹೊರಗೆ ಹುಟ್ಟಿದವರಿಗೆ ಪಗಾರವೂ ಹೆಚ್ಚು, ಮಾನವೂ ಹೆಚ್ಚು. ಅದಕ್ಕೆ ಇಲ್ಲಿ ಹುಟ್ಟಿದವರೂ ಹೊರಗೆ ಹುಟ್ಟಿದೆವೆಂದೇ ಬರೆಸುತ್ತಿದ್ದರು. ಬರೆದುಕೊಳ್ಳುವವನಿಗೂ ಗೊತ್ತು, ಬರೆಸುವವನಿಗೂ ಗೊತ್ತು. "ನಮ್ಮಪ್ಪ ಹಂಗೇ ಬರಸಿದ್ದ, ನಾನೂ ಹಂಗೇ ಬರಸಿದ್ದೆ. ಮುಲ್ಕ ಅಂದ ಕೂಡ್ಲೇ ಬಾಯಾಗ ತಾನಾಗೇ ಅದೇ ಬಂತು. ಎದಿ ಉಬ್ಬಿಸಿ ಹೇಳಿದೆ, ಖರೇ ಹೇಳಬೇಕಂದ್ರ. ಉದಗೀರದ ಚಾವುಸರು ಶಾಣ್ಯಾರು. ಇಲ್ಲೇ ಹುಟ್ಟೇವಿ ಅಂದ್ರು, ಉಳದ್ರು."

ಗುಮಾಸ್ತ ಬರೆದುಕೊಂಡ. ತಂದೆ ಮಗ ಸೇರಿ ಎರಡು ತಲೆಮಾರು ಪಗಾರಕ್ಕಾಗಿ ಹೇಳುತ್ತ ಬಂದ ಸುಳ್ಳನ್ನು ಸರ್ಕಾರ ನಂಬಿತು, ನಂಬಿ ಅವರನ್ನು ಆ ಸುಳ್ಳಿನೊಳಗೆ ವಾಸಮಾಡಲು ಕಳಿಸಿತು. ಏಡನ್ನಿನಿಂದ ಅವರು ಮುಕಲ್ಲಾಕ್ಕೆ, ಅಲ್ಲಿಂದ ಒಂಟೆಗಳ ಹಿಂದೆ ನಡೆದು ಅಜ್ಜನ ಹಳ್ಳಿಗೂ ಹೋಗಿದ್ದರು. ಅಲ್ಲಿ ಬರಗಾಲ. ಅಜ್ಜನ ಹೆಸರನ್ನು ಬಲ್ಲವರಿದ್ದರು, ಆದರೆ ತಮಗೇ ತಿನ್ನಲು ಇಲ್ಲದವರು ಮತ್ತೊಂದು ಬಾಯಿಗೆ ಏನು ಕೊಡುತ್ತಾರೆ? "ನನ್ನ ಅರಬೀ ಕೇಳಿ ಹೆಣ್ಮಕ್ಕಳು ಸೆರಗಿನಾಗ ನಗ್ತಿದ್ರು," ಅಂದರು. "ನಮಾಜಿನಾಗಿನ ಅರಬೀ ಬ್ಯಾರೆ, ರೊಟ್ಟಿ ಕೇಳೂ ಅರಬೀ ಬ್ಯಾರೆ." ಅಲ್ಲಿಂದ ಹಿಂದಿರುಗಿ ಏಡನ್ನಿನಲ್ಲೇ ನಿಂತಿದ್ದರು. ಹಿಂದುಸ್ತಾನದ ಹಡಗುಗಳು ಇಲ್ಲಿ ನಿಲ್ಲುತ್ತವೆ ಎಂಬುದೊಂದೇ ಕಾರಣ.

ನಾನು ಬಂದ ಕೆಲಸ ಹೇಳಿದೆ. ಕಾಗದಗಳು ಅವರಿಗೆ ಮುಟ್ಟಿದ್ದವು. ಅವರು ಚಹಾದ ಬಟ್ಟಲನ್ನು ಬೆಂಚಿನ ಮೇಲಿಟ್ಟು ಕೇಳಿದರು: "ಹುಡುಗನ್ನ ನೋಡೀದೇನು?"

"ನೋಡೀನಿ. ಕುಡಿಯೂದಿಲ್ಲ, ಕೈಯಾಗ ಕೆಲಸ ಅದ."

"ಮನಿ ಮಂದಿ?"

"ಅಜ್ಜ ಒಬ್ಬ ಹಟಮಾರಿ. ಉಳಿದಾವರು ಮನುಷ್ಯರು."

ಅವರು ನಕ್ಕರು. "ಮನ್ಯಾಗ ಒಬ್ಬ ಹಟಮಾರಿ ಇರಬೇಕು. ಇಲ್ಲಾಂದ್ರ ಮಂದಿ ಬಾಗಲಾ ಕಿತ್ತಕೊಂಡು ಹೋಗ್ತಾರ." ನಗು ಮುಗಿದ ಮೇಲೆ ಅಂದರು: "ಸಂಬಂಧ ಛಲೋ ಅದ. ಆದ್ರ ಮಾತು ಕೊಡೂದಿಲ್ಲ ವೀರೂ."

ಅವರ ಕಾರಣ ಇಷ್ಟು. ತಿರುಗಿ ಬರಲು ಪರವಾನಗಿ ಬೇಕೆಂದು ಅವರು ಇಲ್ಲಿರುವ ನಮ್ಮ ಸರ್ಕಾರದ ಅಧಿಕಾರಿಯ ಮುಂದೆ ಅರ್ಜಿ ಹಾಕಿದ್ದರು. ಹುಟ್ಟಿದ್ದು ಹುಮನಾಬಾದಿನಲ್ಲಿ ಎಂದರೆ, ಬೀದರಿನಲ್ಲಿ ನೀನೇ ಬೇರೆ ಹೇಳಿದ್ದೀಯಲ್ಲ ಎಂದನಂತೆ. ಹೆಂಡತಿ ಇದ್ದಾಳೆ ಎಂದರೆ, ಇಲ್ಲಿಗೆ ಕರೆಸಿಕೋ ಎಂದ. ನೌಕರಿ ಎಂದರೆ ಜಾಗೀರೇ ಇರಲಿಲ್ಲ. ಕೊನೆಗೆ ಮಗಳ ನಿಕಾಹ್ ಎಂದರು. ನೀನಿಲ್ಲದೆ ಆಗುವುದಿಲ್ಲವೇನು ಎಂದು ಕೇಳಿದ. ಇಲ್ಲ, ನನ್ನ ಬಾಯಿಮಾತು ಬೇಕು ಎಂದಾಗ ಆತ ಮೊದಲ ಸಲ ಪೆನ್ನು ಎತ್ತಿಕೊಂಡು, ಇದು ಕಾರಣ, ಇದನ್ನು ಬರೆದು ಮೇಲಕ್ಕೆ ಕಳಿಸುತ್ತೇನೆ ಎಂದನಂತೆ. ತಿಂಗಳಿಗೊಮ್ಮೆ ಹೋಗಿ ವಿಚಾರಿಸುತ್ತಾರೆ. ಇನ್ನೂ ಬಂದಿಲ್ಲ ಎನ್ನುತ್ತಾನೆ.

"ನನ್ನ ಕೈಯಾಗ ಇರೂದು ಅದೊಂದೇ ಕಾರಣ," ಅಂದರು ಚಾಚಾ. "ಅದನ್ನೂ ಕೊಟ್ಟು ಕಳಸಂತಿ."

ಇದಕ್ಕೆ ನನ್ನಲ್ಲಿ ಉತ್ತರವಿತ್ತು. "ಚಾಚಾ, ಉದಗೀರದವರು ಕಾಯೂದು ಮೊಹರಂ ತನಕ. ಅಷ್ಟರಾಗ ಜವಾಬು ತರಸ್ತೀನಂತ ಆ ಸಾಹೇಬ ಅಂದಾನೇನು?"

"ಇಲ್ಲ."

"ಬಂತಂತ ಇಟ್ಕೋರಿ. ಜಹಾಜು ಸಿಕ್ಕು, ಮುಂಬೈ ಮುಟ್ಟಿ, ನೀವು ಕಲ್ಯಾಣಿಗೆ ಬರೂದ್ರೊಳಗ?"

"ಈ ಹುಡುಗ ಹೋದ್ರ ಇನ್ನೊಬ್ಬ ಬರ್ತಾನ."

"ಆವಾಗ ಮತ್ತ ಇದೇ ಅರ್ಜಿ, ಮತ್ತ ಕಾಯೂದು. ಎರಡು ಸಲ ಮುರಿದ ಮನೀಗೆ ಮೂರನೇದವ ಬರ್ತಾನೇನು?"

"ಅದನ್ನ ನೀ ಹೇಳಬ್ಯಾಡ."

"ನಾ ಹೇಳದಿದ್ರ ಉದಗೀರದವರು ಹೇಳ್ತಾರ. ಇಷ್ಟು ಹೇಳ್ರಿ ಚಾಚಾ. ಸಂಬಂಧ ಮುರೀತಂದ್ರ ನಿಕಾಹ್ ಎಲ್ಲದ? ಇಲ್ಲದ ನಿಕಾಹಕ್ಕ ನಿಮ್ಮನ್ನ ಯಾವ ಸರ್ಕಾರ ಕರೀತದ?"

ಕಾಲೇಜಿನಲ್ಲಾಗಿದ್ದರೆ ಇಲ್ಲಿಗೆ ಚಪ್ಪಾಳೆ ಬೀಳುತ್ತಿತ್ತು. ದೋಣಿ ಕಟ್ಟುವವರ ಸುತ್ತಿಗೆಯ ಶಬ್ದ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಚಾಚಾ ಬಡಿಗೆಯನ್ನು ಬೆಂಚಿಗೆ ಒರಗಿಸಿದರು. ಆಮೇಲೆ ಎದ್ದು ಗೋದಾಮಿನ ಒಳಗೆ ಹೋದರು. ಒಳಗೆ ಹೋದವರು ಬರುವುದೇ ಇಲ್ಲವೇನೋ ಎಂದು ನನಗೆ ಅನಿಸತೊಡಗಿದಾಗ ಒಗೆದ ಅಂಗಿ ಹಾಕಿಕೊಂಡು, ರುಮಾಲು ಸುತ್ತಿಕೊಂಡು ಬಂದರು.

"ಮೂರು ಗಂಟೇಕ ಅಸರ್ ನಮಾಜು ಆದ ಮ್ಯಾಲ ಕಾಜಿ ಕುಂದರ್ತಾನ," ಅಂದರು. "ನಡೀ."

ಕಾಜಿಯ ಮನೆ ಹಳೆಯ ಪೇಟೆಯ ಮಸೀದಿಯ ಹಿಂದಿತ್ತು. ಸಾಕ್ಷಿಗೆ ಇಬ್ಬರು ಬೇಕಿತ್ತು. ಚಾಚಾರನ್ನು ಬಲ್ಲವರು ಆ ಓಣಿಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಮಸೀದಿಯಿಂದ ಹೊರಬರುತ್ತಿದ್ದ ಇಬ್ಬರನ್ನು ಕಾಜಿಯೇ ಕರೆದ, ಒಬ್ಬ ಖರ್ಜೂರ ಮಾರುವವನು, ಇನ್ನೊಬ್ಬ ಬಂದರಿನ ಹಮಾಲ. ನನ್ನ ಪಾತ್ರವೇನೆಂದು ಕಾಜಿ ಕೇಳಿದ. ಈ ಹುಡುಗ ಮುಸಲ್ಮಾನನಲ್ಲ, ಸಾಕ್ಷಿಯಾಗಲು ಬರುವುದಿಲ್ಲ, ಸುದ್ದಿ ಒಯ್ಯುವವನು ಅಷ್ಟೇ ಎಂದು ಚಾಚಾ ಹೇಳಿದ್ದಿರಬೇಕು, ಕಾಜಿ ನನಗೆ ಗೋಡೆಯ ಬದಿಯ ಚಾಪೆ ತೋರಿಸಿದ.

ಪರವಾಗಿ ನಿಲ್ಲುವವನ ಕೈ ಹಿಡಿದುಕೊಂಡು ಮಾತು ಹೇಳುವುದು ಅವರಲ್ಲಿ ಪದ್ಧತಿ. ನಿಲ್ಲಬೇಕಾದ ಖಾಸೀಮ್ ಸಾಬರು ಕಲ್ಯಾಣಿಯಲ್ಲಿದ್ದರು. ಕೈ ಹಿಡಿಯದಿದ್ದರೂ ನಡೆಯುತ್ತದೆ ಎಂದು ಕಾಜಿ ಕೈಯಾಡಿಸಿದ. ಆದರೆ ಚಾಚಾ ಸುಮ್ಮನಾಗಲಿಲ್ಲ. ಪಕ್ಕದಲ್ಲಿದ್ದ ಹಮಾಲನ ಬಲಗೈಯನ್ನು ತಾವೇ ತೆಗೆದುಕೊಂಡರು. ಅವನು ಗಾಬರಿಯಾಗಿ ಕಾಜಿಯ ಮುಖ ನೋಡಿದ, ಕೈ ಬಿಡಿಸಿಕೊಳ್ಳಲಿಲ್ಲ. ಚಾಚಾ ಹೇಳಿದ್ದರಲ್ಲಿ ನನಗೆ ತಿಳಿದದ್ದು ಹೆಸರುಗಳು ಮಾತ್ರ, ಸಕೀನಾ, ಖಾಸೀಮ್, ಕಲ್ಯಾಣಿ. ಒಂದು ಕಡೆ ಅವರ ಅರಬೀ ಕಾಜಿಗೆ ತಿಳಿಯಲಿಲ್ಲ, ಎರಡನೆಯ ಸಲ ಹೇಳಿಸಿದ. ಎರಡನೆಯ ಸಲ ಚಾಚಾ ಮಗಳ ಹೆಸರನ್ನು ಗಟ್ಟಿಯಾಗಿ, ಪಹರೆಯವರು ಹಾಜರಿ ಕೂಗುವ ದನಿಯಲ್ಲಿ ಹೇಳಿದರು. ಕಾಜಿ ಬರೆದ ಕಾಗದಕ್ಕೆ ಖರ್ಜೂರದವನು ಹೆಬ್ಬೆಟ್ಟು ಒತ್ತಿದ, ಹಮಾಲ ಒತ್ತಿದ, ಕಾಜಿ ಮುದ್ರೆ ಹಾಕಿದ. ಎಲ್ಲಾ ಸೇರಿ ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು.

ಹೊರಗೆ ಬಂದಾಗ ನಾಲ್ಕು ದಾಟಿತ್ತು. ಬಂದರಿನವರೆಗೆ ಟ್ಯಾಕ್ಸಿ ಮಾಡಿದೆವು. ಅಂಚೆಯ ಮನೆಯ ಮುಂದೆ ಇಳಿದು, ಕಾಜಿಯ ಕಾಗದವನ್ನು ಕಲ್ಯಾಣಿಯ ವಿಳಾಸದ ಲಕೋಟೆಯಲ್ಲಿ ಹಾಕಿ, ವಿಮಾನದ ಅಂಚೆಯ ಚೀಟಿ ಹಚ್ಚಿ, ಡಬ್ಬಿಯಲ್ಲಿ ಅವರೇ ಹಾಕಲಿ ಎಂದು ಅವರ ಕಡೆ ಹಿಡಿದೆ.

"ನೀನೇ ಹಾಕು," ಅಂದರು.

ಹಾಕಿದೆ. ಅಧಿಕಾರಿಗೆ ಇದನ್ನು ಹೇಳಬೇಕೆಂದೇನಿಲ್ಲ, ಅರ್ಜಿ ಹಾಗೇ ಇರಲಿ ಎಂದು ಸಲಹೆ ಕೊಟ್ಟೆ. ಅವರು ಬೇಡವೆಂದು ತಲೆಯಾಡಿಸಿದರು. "ಕಾಜಿ ಮುಂದ ಕೈ ಹಿಡದು ಹೇಳೀನಿ. ಒಂದು ಸುಳ್ಳು ನನ್ನನ್ನ ಇಲ್ಲೀತನಕ ತಂದು ಬಿಟ್ಟದ. ಎರಡನೇದು ಇನ್ನೆಲ್ಲಿಗಿ ಒಯ್ಯಬೇಕು, ಇದರಾಚೆ ನನಗ ಮುಲ್ಕೇ ಇಲ್ಲ."

ಲಾಂಚಿನ ಕಟ್ಟೆಯಲ್ಲಿ ಹಡಗಿನವರ ನೂಕುನುಗ್ಗಲಿತ್ತು. ಒಂಟೆಯ ಚಿತ್ರವಿದ್ದ ಚೀಲಗಳು, ರೇಷ್ಮೆಯ ಗಂಟುಗಳು, ಎಲ್ಲರ ಮಣಿಕಟ್ಟಿನಲ್ಲೂ ಹೊಸ ಗಡಿಯಾರ. ಡಾಕ್ಟರರು ಆಗಲೇ ಒಳಗೆ ಕುಳಿತಿದ್ದರು. ಚಾಚಾ ನನ್ನ ಕೋಟಿನ ಭುಜದ ಮೇಲೆ ಕೂತ ಧೂಳನ್ನು ಎರಡು ಸಲ ತಟ್ಟಿ ಝಾಡಿಸಿದರು. ಹುಷಾರಾಗಿರು, ಹಸಿದಿರಬ್ಯಾಡ, ಗೋರಾಗಳ ಕೂಡ ವಾದಕ್ಕೆ ಬೀಳಬ್ಯಾಡ ಅಂದರು. ನಾನು ಅವರ ಕಾಲು ಮುಟ್ಟಲು ಬಾಗಿದೆ, ಹಿಡಿದೆತ್ತಿದರು.

ಲಾಂಚು ಕಟ್ಟೆ ಬಿಟ್ಟು ಎರಡು ಮಾರು ಹೋಗಿತ್ತು. ಅವರು ಕಟ್ಟೆಯ ಅಂಚಿಗೆ ಬಂದು ನಿಂತರು, ಸುತ್ತಲಿನವರು ತಿರುಗಿ ನೋಡುವಂತೆ ನಮ್ಮ ಮಾತಿನಲ್ಲಿ ಕೂಗಿದರು. ಇಂಜಿನಿನ ಸದ್ದಿನ ಮೇಲೂ ಪ್ರತಿಯೊಂದು ಶಬ್ದ ನನಗೆ ಕೇಳಿಸಿತು.

"ವೀರೂ, ನೀ ಹೇಳಿದ್ದೆಲ್ಲಾ ಬರೋಬ್ಬರಿ ಅದ. ನಾಳೆ ಆ ಪರವಾನಗಿ ಸಾಹೇಬ ಕೇಳ್ತಾನ, ಮಾತು ಕೊಟ್ಟ ಮ್ಯಾಲ ಮತ್ತ ಇನ್ನ ನೀ ಯಾಕ ಹೋಗ್ತೀ ಅಂತ. ನಾ ಏನಂತ ಹೇಳ್ಲಿ?"